ಟೀ ಬಗ್ಗಿಸುವ ಹಕ್ಕು

ಅತ್ತೆ ಟೀಪಾಟು ಎತ್ತಿದ ಕೂಡಲೇ ಅದರ ಮೂತಿ ಕಪ್ಪಿನ ಅಂಚಿಗೆ ತಗಲಿ ಟಕಟಕ ಸದ್ದಾಯಿತು. ಮಗ ಗಾಬರಿಯಿಂದ ಕೈ ಚಾಚಿದ. "ಕೊಡಮ್ಮ, ನಾನು ಹಾಕ್ತೀನಿ."

"ಸುಮ್ನಿರೋ. ಊರಿಗೆಲ್ಲ ಇಂಜೆಕ್ಷನ್ ಕೊಟ್ಟ ಕೈ ಇದು. ನಿಂಗೊಂದು ಟೀ ಹಾಕೋಕೆ ಆಗಲ್ವಾ?"

ಅವನು ಕೈ ಹಿಂದಕ್ಕೆಳೆದುಕೊಂಡ. ರಜೆ ಸಿಕ್ಕಾಗ ಈ ಹಳೇ ಪೇಟೆಗೆ ಬಂದು, ಕೋಟೆ ಸುತ್ತಿ, ಪುಸ್ತಕದಂಗಡಿಗೆ ನುಗ್ಗಿ, ಕೊನೆಗೆ ಈ ಹೋಟೆಲಿನಲ್ಲಿ ಟೀಗೆ ಕೂರುವುದು ಅತ್ತೆ, ಮಗ, ಸೊಸೆ ಮೂವರ ರೂಢಿ. ಟೀ ಬಗ್ಗಿಸುವುದು ಮಾತ್ರ ನಿವೃತ್ತ ನರ್ಸಮ್ಮನ ಹಕ್ಕು. ಹೋದ ಸಲ ಇದೇ ಮೇಜಿನಲ್ಲಿ, ಅವನು ಆಗಷ್ಟೇ ಕೊಂಡಿದ್ದ ಪುಸ್ತಕದ ಮೇಲೆ ಟೀ ಚೆಲ್ಲಿತ್ತು. "ನನ್ನ ಮೊಣಕೈ ತಗಲ್ತು" ಎಂದಿದ್ದಳು ಸೊಸೆ. ಮನೆ ಮುಟ್ಟುವ ತನಕ ಅತ್ತೆ ಬೈದದ್ದೇ ಬೈದದ್ದು.

ಈಗ ಬಿಸಿ ಟೀಯ ಧಾರೆ ಕಪ್ಪಿನಿಂದ ಆಚೆ, ಇವತ್ತಿನ ಹೊಸ ಪುಸ್ತಕದ ಕಡೆಗೆ ಸರಿಯತೊಡಗಿತು. ಸೊಸೆ ಕಪ್ಪನ್ನು ತಟ್ಟೆಯಿಂದೆತ್ತಿ ಧಾರೆಯ ಕೆಳಗೆ ಹಿಡಿದಳು. ನಡುಗುವ ಕೈ ಮೂತಿಯನ್ನು ಎತ್ತ ಒಯ್ದರೆ ಕಪ್ಪೂ ಅತ್ತ ಹೋಯಿತು. ಬೆರಳ ಮೇಲೆ ಹನಿ ಬಿದ್ದರೂ ಅವಳು ಬಿಡಲಿಲ್ಲ.

ಕಪ್ಪು ತುಂಬಿತು. ಅತ್ತೆ ಅವಳ ಕೆಂಪಾದ ಬೆರಳನ್ನೇ ನೋಡುತ್ತ ಮೆಲ್ಲಗೆ ಕೇಳಿದರು. "ಹೋದ ಸಲ ನಿನ್ನ ಮೊಣಕೈ ತಗಲಿರಲಿಲ್ಲ, ಅಲ್ವಾ?"

ಸೊಸೆ ಗಂಡನ ಕಪ್ಪನ್ನು ಎತ್ತಿ ಹಿಡಿದಳು. "ಇವರದಿನ್ನೂ ಖಾಲಿ ಇದೆ ಅತ್ತೆ. ಹಾಕಿ."