ಕೊನೆಯ ಸಾಲಿನ ನಂಬರು

ಅಣೆಕಟ್ಟೆಯ ಕಂಟ್ರೋಲ್ ರೂಮಿನ ಮೇಲೆ ಸಿಡಿಲು ಬಡಿದಾಗ ಎಲ್ಲರೂ ಊಟದ ಡಬ್ಬಿ ಬಿಚ್ಚುತ್ತಿದ್ದರು...

ಲೈಟು ಹೋಗಿ ಬಂತು. ಒಂದು ಸರ್ವರ್ ಮಾತ್ರ ಮತ್ತೆ ಏಳಲಿಲ್ಲ.

ಹುಲಿಗೆಮ್ಮ ಡಬ್ಬಿ ಬಿಟ್ಟು ಪರದೆಯತ್ತ ಓಡಿದಳು. ಗೇಟು ತೆಗೆಯುವ ಮುನ್ನ ಹೊಳೆಸಾಲಿನ ಜನಕ್ಕೆ ಎಚ್ಚರಿಕೆಯ ಮೆಸೇಜು ಹೋಗುವುದು ಆ ಸರ್ವರುಗಳಿಂದಲೇ. ಅವನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ಇವತ್ತಿನ ಮೆಸೇಜನ್ನು ಒಪ್ಪಿಸಿ ಇನ್ನೂ ಕೈ ತೆಗೆದಿರಲಿಲ್ಲ...

"ಯಾಕ್ರೀ ಗಾಬರಿ?" ಚೀಫ್ ಸಾಹೇಬರು ಮೊಸರನ್ನ ಕಲಸುತ್ತ ನಕ್ಕರು. "ಎರಡು ಸರ್ವರ್ ಜೋಡಿಸಿ ಕ್ಲಸ್ಟರ್ ಮಾಡೀವಲ್ಲ. ಒಂದು ಬಿದ್ರ ಇನ್ನೊಂದು ಹೊರ್ತೈತಿ. ಡಿಸಾಸ್ಟರ್ ರಿಕವರಿ ಪ್ಲಾನ್ ಅಂತ ಮಾಡಿದ್ದು ಅದಕ್ಕ ಅಲ್ಲೇನು?"

ನಿಜ... ಎರಡನೆಯದು ಭಾರ ಹೊತ್ತುಕೊಂಡಿತು. ಒಂದು ಮೆಸೇಜೂ ಕಳೆದಿರಲಿಲ್ಲ. ಎಲ್ಲವೂ ಸಾಲಿನಲ್ಲಿ ನಿಂತಿದ್ದವು.

ಆದರೆ ಒಂಟಿ ಸರ್ವರು. ಸಾಲು ತೆವಳತೊಡಗಿತು. ತೆವಳಿದ್ದೂ ಪ್ಲಾನ್ ಹೇಳಿದ ಕ್ರಮದಲ್ಲೇ.

ಮೊದಲು ಅಧಿಕಾರಿಗಳು, ಅವರ ಮನೆಯವರು. ಆಮೇಲೆ ರೆಸಾರ್ಟು, ಕಾರ್ಖಾನೆ, ಗುತ್ತಿಗೆದಾರರು...

ಕಟ್ಟಕಡೆಗೆ, ಹೊಳೆಯೊಳಗೇ ನಿಂತು ದುಡಿಯುವವರು. ಬಟ್ಟೆ ಒಗೆಯುವವರು, ಹರಿಗೋಲಿನವರು, ಮರಳು ಹೊರುವವರು.

ನೀರು ಯಾರ ಕೊರಳಿಗೆ ಮೊದಲು ಬರುತ್ತದೋ, ಸುದ್ದಿ ಅವರಿಗೇ ಕೊನೆಗೆ!

ಪ್ಲಾನ್ ಮಂಜೂರಾದ ಮೀಟಿಂಗಿನಲ್ಲಿ ಹುಲಿಗೆಮ್ಮ ಎದ್ದು ನಿಂತು ಇದನ್ನೇ ಕೇಳಿದ್ದಳು.

"ಮೇಡಂ, ಮಂತ್ರಿಗಳ ಪಿಎಗೆ ಮೆಸೇಜು ತಡ ಆದ್ರ ನನ್ನ ನೌಕರಿ ಹೋಗ್ತೈತಿ. ಬಟ್ಟಿ ಒಗಿಯೋರಿಗೆ ತಡ ಆದ್ರ ಯಾರು ಫೋನ್ ಮಾಡಿ ಬೈತಾರ ನನಗ?" ಎಂದಿದ್ದರು ಸಾಹೇಬರು. ರೂಮಿಗೆ ರೂಮೇ ನಕ್ಕಿತ್ತು.

ಈಗ ಅವಳು ಅವರ ತಟ್ಟೆಯ ಮುಂದೆ ನಿಂತಳು. "ಸರ್, ಗೇಟು ತಡೀರಿ. ಕೊನೇ ಸಾಲು ಅಲುಗಾಡೇ ಇಲ್ಲ."

"ಡ್ಯಾಮ್ ತುಂಬಿ ಕುಂತೈತಿ. ಮೆಸೇಜು ಒಪ್ಪಿಸಿ ಅರ್ಧ ತಾಸಿಗೆ ಗೇಟು ತೆಗೀಬೇಕು. ನಾವು ಒಪ್ಪಿಸೇವಿ, ಹೊತ್ತೂ ಆತು. ರೂಲು ಮುಗೀತು."

"ಒಪ್ಪಿಸಿದ್ದು ಸರ್ವರ್‌ಗೆ ಸರ್... ಜನಕ್ಕಲ್ಲ! ಸಾಲಾದ್ರೂ ಬದಲು ಮಾಡ್ತೀನಿ, ಪಾಸ್‌ವರ್ಡ್ ಕೊಡ್ರಿ."

"ಮಂಜೂರಾದ ಪ್ಲಾನ್ ಅದು. ಮುಟ್ಟೂಹಂಗಿಲ್ಲ." ಸಾಹೇಬರು ಕೈ ತೊಳೆದು ಗೇಟಿನ ಕಡೆ ನಡೆದರು.

ಹುಲಿಗೆಮ್ಮ ತನ್ನ ಫೋನೆತ್ತಿ, ಕೊನೆಯ ಸಾಲಿನಿಂದ ಕಣ್ಣಿಗೆ ಬಿದ್ದ ನಂಬರು ಒತ್ತಿದಳು. ಎತ್ತಲಿಲ್ಲ. ಇನ್ನೊಂದು... ಸ್ವಿಚ್ ಆಫ್. ಮತ್ತೊಂದು...

"ಯವ್ವಾ, ಲೋನು ಬ್ಯಾಡ ನಮಗ! ನಿನ್ನೆನೂ ಹೇಳಿಲ್ಲೇನು?" ಮುದುಕಿಯ ದನಿ. ಹಿಂದೆ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು.

"ಲೋನಲ್ಲಜ್ಜಿ! ಡ್ಯಾಮಿನಿಂದ ಮಾತಾಡ್ತೀನಿ. ಗೇಟು ತೆಗಿಯಾಕತ್ತಾರ. ಹೊಳಿ ಬಿಟ್ಟು ಏಳು! ಯಾರು ನೀನು?"

"ದುರುಗವ್ವ..." ಬಡಿಯುವ ಸದ್ದು ನಿಂತಿತು. "ತಂಗಿ, ಕೆಳಗಿನ ಬಂಡೆ ಮ್ಯಾಲ ಇನ್ನೂ ಮಂದಿ ಅದಾರ."

"ಮೊದ್ಲು ನೀ ದಂಡಿಗೆ ಹೋಗಜ್ಜಿ!"

"ನಾ ಹೋದ್ರ ಅವ್ರಿಗೆ ಹೇಳಾವ್ರು ಯಾರು? ನಿಮ್ಮ ಸಾಹೇಬ ಬರ್ತಾನೇನು?"

ಫೋನು ಕಟ್ಟಾಗಲಿಲ್ಲ. ಮುದುಕಿ ಅದನ್ನು ಹಾಗೇ ಕುಪ್ಪಸದೊಳಗೆ ತುರುಕಿಕೊಂಡಿರಬೇಕು... ನೀರು ತುಳಿಯುವ ಸದ್ದು. ಏದುಸಿರು. ಕೂಗು.

"ಏ, ಏಳ್ರಿ ಎಲ್ರೂ! ಬಟ್ಟಿ ಬಿಡ್ರಿ, ಜೀವಾ ಎತ್ಕೊಳ್ರಿ! ಹೊಳಿ ಬರ್ತೈತಿ!"

ಹುಲಿಗೆಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಒಬ್ಬ ಹುಡುಗನ ದನಿ, ಪೇಟೆಯದು...

"ಅಜ್ಜೀ, ಸೈಡಿಗೆ ಹೋಗಿ! ಫ್ರೇಮಲ್ಲಿ ಬರ್ತಿದೀರ. ಪ್ರೀ-ವೆಡ್ಡಿಂಗ್ ಶೂಟು ನಡೀತಿದೆ ಇಲ್ಲಿ."

"ನಿನ್ನ ಶೂಟಿಗಿಷ್ಟು ಬೆಂಕಿ ಹಾಕ! ಏ ತಂಗಿ, ಆ ಉದ್ದಾನ ಲಂಗ ಎತ್ತಿ ಕಟ್ಟು... ಕೈ ಹಿಡಿ ನಂದು... ಹಿಡಿ ಅಂತೀನಿ!"

ನೆಲ ನಡುಗಿತು. ಗೇಟು ತೆರೆದಿತ್ತು.

ಫೋನು ಕಟ್ಟಾಯಿತು...

ಹುಲಿಗೆಮ್ಮ ಮತ್ತೆ ಮತ್ತೆ ಒತ್ತಿದಳು. ರಿಂಗೇ ಇಲ್ಲ. ಕರವಸ್ತ್ರದಲ್ಲಿ ಕೈ ಒರೆಸುತ್ತ ಒಳಗೆ ಬಂದ ಸಾಹೇಬರ ಫೋನು ಮಾತ್ರ ಬಡಿದುಕೊಂಡಿತು.

"ಅಪ್ಪಾ..." ಮಗಳು. ಬಿಕ್ಕುತ್ತಿದ್ದಳು. "ಫೋಟೋ ತಗಿಸ್ಕೊಳ್ಳಾಕ ಹೊಳಿಯಾಗ ಇಳಿದಿದ್ವಿ ಅಪ್ಪಾ... ಫೋನು ಕಾರಿನಾಗಿತ್ತು... ಒಬ್ಬಾಕಿ ಅಜ್ಜಿ ನಮ್ಮನ್ನ ಎಳಕೊಂಡು ಬಂದ್ಲು..."

ಸಾಹೇಬರು ಪರದೆಯತ್ತ ತಿರುಗಿದರು.

ಪರದೆಯ ಮೇಲೆ ಆ ಮಗಳ ನಂಬರು ಮೊದಲ ಸಾಲಿನಲ್ಲಿತ್ತು. ಎದುರಿಗೆ ಹಸಿರು ಗುರುತು... 'ತಲುಪಿದೆ'.

ಹುಲಿಗೆಮ್ಮ ಅವರ ಕೈಯಿಂದ ಫೋನು ಕಿತ್ತುಕೊಂಡಳು. "ಆ ಅಜ್ಜಿ ಎಲ್ಲದಾಳ?"

"ಗೊತ್ತಿಲ್ಲ... ನಮ್ಮನ್ನ ದಂಡಿಗೆ ನೂಕಿ ಮತ್ತ ಹಿಂದಕ್ಕ ಓಡಿದ್ಲು. ಯಾರೋ ಇನ್ನೂ ಅದಾರಂತ..."

ಜೀಪು ಹೊಳೆಯ ದಂಡೆಗೆ ಹೇಗೆ ಬಂತೋ ಇಬ್ಬರಿಗೂ ತಿಳಿಯಲಿಲ್ಲ. ಕೆಂಪು ನೀರು ಅಬ್ಬರಿಸುತ್ತಿತ್ತು. ಒಗೆಯುವ ಕಲ್ಲುಗಳು ಒಂದೂ ಕಾಣಲಿಲ್ಲ. ಒಗೆಯಲು ತಂದಿದ್ದ ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳು ಸುಳಿಯಲ್ಲಿ ತಿರುಗುತ್ತಿದ್ದವು.

ದಂಡೆಯ ಮೇಲೆ ಮಂದಿ ಗುಂಪಾಗಿದ್ದರು. ನಡುವೆ ಒಬ್ಬ ಮುದುಕಿ ಸೆರಗು ಹಿಂಡುತ್ತ ಕೂತಿದ್ದಳು. ಎಲ್ಲರಾದ ಮೇಲೆ ನೀರಿನಿಂದ ಎದ್ದವಳು.

"ದುರುಗವ್ವ?" ಎಂದಳು ಹುಲಿಗೆಮ್ಮ.

"ಫೋನ್ ಮಾಡಿದಾಕಿ ನೀನಾ? ಬದುಕಿದಿ ಬಿಡು, ಲೋನಿನಾಕಿ ಅಂತ ಇನ್ನೂ ಎರಡು ಬೈಯಾಕಿದ್ದೆ!"

ಸಾಹೇಬರು ಅವಳ ಮುಂದೆ ಕೆಸರಿನಲ್ಲೇ ಕುಕ್ಕರಿಸಿ ಕೈ ಮುಗಿದರು.

ಆಗ ಅವಳ ಕುಪ್ಪಸದೊಳಗಿಂದ ಒಂದು ಸದ್ದು... ಟಿಂಗ್!

ದುರುಗವ್ವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಫೋನು ಹೊರತೆಗೆದು ಸಾಹೇಬರತ್ತ ಚಾಚಿದಳು. "ನನಗ ಓದಾಕ ಬರಂಗಿಲ್ರಿ. ಏನ್ ಬಂದೈತಿ, ಹೇಳ್ರಿ."

"ಎಚ್ಚರಿಕೆ..." ಸಾಹೇಬರು ಓದಿದರು. "ನದಿಗೆ ನೀರು ಬಿಡಲಾಗುವುದು. ತಾವು ಕೂಡಲೇ..."

ಅವರಿಗೆ ಮುಂದೆ ಓದಲಾಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ದುರುಗವ್ವ ಗಾಬರಿಯಾಗಿ ಅವರ ಭುಜ ಮುಟ್ಟಿದಳು. "ಯಾಕ್ರೀ ಸಾಹೇಬ್ರ... ನಿಮ್ಮ ಪೈಕಿ ಯಾರಿಗರೆ ಏನರೆ ಆತೇನ್ರೀ?"

*ಸಾಲಿನಲ್ಲಿ ಯಾರನ್ನು ಕೊನೆಗೆ ನಿಲ್ಲಿಸುತ್ತೇವೋ, ಅವರು ಮುಳುಗಿದರೂ ಪರವಾಗಿಲ್ಲ ಎಂದು ನಾವು ಮೊದಲೇ ಸಹಿ ಹಾಕಿರುತ್ತೇವೆ.*

ನಿಮ್ಮ ಆಫೀಸಿನಲ್ಲಿ, ನಿಮ್ಮ ಬೀದಿಯಲ್ಲಿ, ನಿಮ್ಮದೇ ಮನೆಯಲ್ಲಿ ಆ ಕೊನೆಯ ಸಾಲಿನಲ್ಲಿ ನಿಂತಿರುವವರು ಯಾರು... ಒಮ್ಮೆಯಾದರೂ ತಿರುಗಿ ನೋಡಿದ್ದೀರಾ?