ಆರದ ಕೆಂಪು ದೀಪ

"ಕ್ಯಾಮೆರಾ ನೋಡಿ ಯಜಮಾನ್ರೇ. ಮನುಷ್ಯ ಸುಳ್ಳು ಹೇಳಬಹುದು, ಅದು ಹೇಳಲ್ಲ."

ಹಾಗೆಂದವನು ಸುರುಳಿ ಮೇಸ್ತ್ರಿ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಆ ಅಂಗಡಿಯಲ್ಲಿ ಅವನದು ಇಪ್ಪತ್ತೆರಡು ವರ್ಷದ ಕೆಲಸ. ತೆರೆದ ಬೀರುವಿನ ಮುಂದೆ ನಿಂತು, ಎರಡೂ ಅಂಗೈಗಳನ್ನು ಮೇಲೆತ್ತಿ ಕ್ಯಾಮೆರಾಕ್ಕೆ ತೋರಿಸಿದ. ಬೀರುವಿನಲ್ಲಿದ್ದ ಆರು ರೀಲು ತಾಮ್ರದ ತಂತಿಯಲ್ಲಿ ಎರಡೇ ಉಳಿದಿದ್ದವು. ಬೀಗ ಮುರಿದಿರಲಿಲ್ಲ. ಬೀಗದ ಕೈ ಎಂದಿನಂತೆ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು.

ಯಜಮಾನ ತಲೆಯೆತ್ತಿದ. ಬೀರುವಿನ ನೆತ್ತಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಮೇಸ್ತ್ರಿಯ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ಆ ಕ್ಯಾಮೆರಾಕ್ಕೆ ಕಣ್ಣೇ ಇರಲಿಲ್ಲ. ಪ್ಲಾಸ್ಟಿಕ್ ಡಬ್ಬಿ, ಗಾಜಿನ ಬಿಲ್ಲೆ, ದೀಪ ಮಿಣುಕಿಸಲು ಎರಡು ಸೆಲ್ಲು, ಅಷ್ಟೇ. ಕಳ್ಳನಿಗೆ ಹೆದರಿಕೆ ಹುಟ್ಟಿದರೆ ಸಾಕೆಂದು ಮೂರು ತಿಂಗಳ ಹಿಂದೆ, ಒಂದು ರಜೆಯ ದಿನ, ತಮ್ಮ ತಂದು ತಗುಲಿಸಿದ್ದ. ಗುಟ್ಟು ತಮ್ಮಿಬ್ಬರಲ್ಲೇ ಇರಲಿ ಎಂದಿದ್ದ. ಸೆಲ್ಲು ಮೂರು ತಿಂಗಳು ಬರುತ್ತದಂತೆ, ಬದಲಾಯಿಸುವ ಕೆಲಸ ತನ್ನದು, ಅಣ್ಣ ಸ್ಟೂಲು ಹತ್ತಿ ಸೊಂಟ ಮುರಿದುಕೊಳ್ಳುವುದು ಬೇಡ ಎಂದು ನಗಾಡಿದ್ದ.

ಮೇಸ್ತ್ರಿಗೋ ಅದರ ಮೇಲೆ ದೇವರ ಮೇಲಿನಷ್ಟೇ ಭಕ್ತಿ. ಪ್ರತಿ ಶನಿವಾರ ಜೇಡರ ಬಲೆ ತೆಗೆದು ಗಾಜು ಒರೆಸುವನು. ಅದರೆದುರು ಯಾರನ್ನೂ ಬೈಯನು. ಕೆಲಸವೂ ಅಷ್ಟೇ ಅಚ್ಚುಕಟ್ಟು. ಸುತ್ತಿ ಮುಗಿಸಿದ ಪ್ರತಿ ಮೋಟಾರಿನೊಳಗೂ ತಾರೀಖು ಬರೆದ ಸಣ್ಣ ಚೀಟಿಯೊಂದನ್ನು ಇಡುತ್ತಿದ್ದ. ಮುಂದೆ ಕೆಟ್ಟರೆ ಎಷ್ಟು ದಿನ ಬಾಳಿತೆಂದು ತಿಳಿಯಬೇಕಲ್ಲ ಎನ್ನುವನು.

ಸುಳ್ಳು ಕಣ್ಣೆಂದು ಗೊತ್ತಿದ್ದವನು ಅದನ್ನೇ ಸಾಕ್ಷಿಗೆ ಕರೆಯುವುದುಂಟೇ? ನಿಜವೆಂದು ನಂಬಿದವನು ಅದರ ಕೆಳಗೇ ಕೈ ಹಾಕುವುದುಂಟೇ? ಯಜಮಾನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗುಟ್ಟು ಗೊತ್ತಿದ್ದವರು ಇಬ್ಬರು. ಅವರಲ್ಲೊಬ್ಬ ತಾನು.

ಮಧ್ಯಾಹ್ನ ತಮ್ಮ ಬಂದ. ಕೈಯಲ್ಲಿ ಸೆಲ್ಲಿನ ಹೊಸ ಪೊಟ್ಟಣ.

"ಇದನ್ನ ಹಾಕಿ ಹೋಗೋಣ ಅಂತ ಬಂದೆ ಅಣ್ಣಾ."

"ಇನ್ಯಾಕೆ ಹಾಕ್ತೀಯ? ನಿನ್ನ ಕೆಲಸ ಮುಗೀತಲ್ಲ."

ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಬೀರುವಿನ ಕಡೆ ನೋಡಿದ ಮೇಲೆ ಆಯಿತು.

"ನಾನು ಅಂತೀಯಾ?"

"ಬೇರೆ ಯಾರ ಹೆಸರಾದ್ರೂ ಹೇಳು. ನಂಬ್ತೀನಿ."

ಮೇಸ್ತ್ರಿ ಮೂಲೆಯಲ್ಲಿ ತಲೆ ತಗ್ಗಿಸಿ ಉಗುರಿಗಂಟಿದ ವಾರ್ನಿಷ್ ಕೆರೆಯುತ್ತಿದ್ದ. ತಮ್ಮ ಅವನನ್ನೊಮ್ಮೆ ನೋಡಿದ. ಕಣ್ಣಾರೆ ಕಾಣದ್ದನ್ನು ಹೇಳಿ ಪಾಪ ಕಟ್ಟಿಕೊಳ್ಳಲಾರೆ ಎಂದ. ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಯಜಮಾನ ಅದನ್ನು ಮುಟ್ಟಲೂ ಹೇಸಿ, ಅಳತೆಕೋಲಿನಿಂದ ಡ್ರಾಯರಿಗೆ ತಳ್ಳಿದ.

ತಂತಿ ಹೋದದ್ದು ಅವನಿಗೆ ಅಷ್ಟು ನೋಯಲಿಲ್ಲ. ಹೆಗಲ ಮೇಲೆ ಹೊತ್ತು ತಿರುಗಿದ ಕೂಸು ಆ ಹೆಗಲಿಗೇ ಕತ್ತಿ ಇಟ್ಟಿತಲ್ಲ ಎಂಬುದು ನೋಯಿತು. ವಾರದೊಳಗೆ ತಮ್ಮ ತನ್ನ ಹೆಂಡತಿಯೊಡನೆ ಮನೆಯ ಮಹಡಿ ಖಾಲಿ ಮಾಡಿದ. ತಾಯಿ ಎರಡು ಮನೆಗಳ ನಡುವೆ ನಡೆದು ನಡೆದು ಸವೆಯತೊಡಗಿದಳು. ಅವನನ್ನು ಕರೆದು ಒಂದು ಮಾತಾಡು ಎಂದು ದಿನಕ್ಕೊಮ್ಮೆ ಕೇಳುವಳು. ಯಜಮಾನ ದಿನಕ್ಕೊಮ್ಮೆ ಸುಮ್ಮನಿರುವನು.

ಬೀಗದ ಕೈ ಮೊಳೆಯಿಂದ ಮೇಸ್ತ್ರಿಯ ಸೊಂಟಕ್ಕೆ ಬಂತು. ತಂತಿ ಮತ್ತೆ ಕಳೆಯಲಿಲ್ಲ. ಇನ್ನೇನು ಸಾಕ್ಷಿ ಬೇಕು?

"ಬೇಜಾರು ಮಾಡ್ಕೋಬೇಡಿ ಯಜಮಾನ್ರೇ" ಎನ್ನುತ್ತಿದ್ದ ಮೇಸ್ತ್ರಿ. "ಮೇಲಿರೋನು ಎಲ್ಲಾ ನೋಡ್ತಿರ್ತಾನೆ."

ಆರು ತಿಂಗಳು ಕಳೆದವು. ಒಂದು ಬೆಳಿಗ್ಗೆ ಗೋಡೆ ಗಡಿಯಾರ ನಿಂತಿತು. ಯಜಮಾನ ಡ್ರಾಯರು ತಡಕಿದ. ತಮ್ಮ ಬಿಟ್ಟುಹೋದ ಪೊಟ್ಟಣ ಸಿಕ್ಕಿತು. ಗಡಿಯಾರದ ಬೆನ್ನು ಬಿಚ್ಚಿದರೆ ಹಳೆಯ ಸೆಲ್ಲಿನ ಕೆಳಗೊಂದು ಮಡಿಸಿದ ಚೀಟಿ. ಮೇಸ್ತ್ರಿಯ ಓರೆ ಅಕ್ಷರದಲ್ಲಿ ತಾರೀಖು. ಗಡಿಯಾರವನ್ನೂ ಬಿಡಲಿಲ್ಲವಲ್ಲ ಈ ಪುಣ್ಯಾತ್ಮ ಎಂದು ಅವನಿಗೆ ನಗು ಬಂತು. ಪೊಟ್ಟಣ ಹರಿದು ಹೊಸ ಸೆಲ್ಲು ಹಾಕಿದ. ಮುಳ್ಳು ಓಡಿತು.

ಹರಿದ ಪೊಟ್ಟಣ ಕೈಯಲ್ಲೇ ಉಳಿಯಿತು.

ಇಷ್ಟು ದಿನ ಇದರ ಬಾಯಿ ಯಾರೂ ಒಡೆದಿರಲಿಲ್ಲ. ತಮ್ಮ ಅಂದಿನಿಂದ ಈ ಹೊಸ್ತಿಲು ತುಳಿದಿಲ್ಲ. ತಾನು ಸ್ಟೂಲು ಹತ್ತಿಲ್ಲ. ಯಜಮಾನ ನಿಧಾನವಾಗಿ ತಲೆಯೆತ್ತಿದ. ಮೂರು ತಿಂಗಳ ಸೆಲ್ಲಿನ ಕೆಂಪು ದೀಪ ಮೊದಲ ದಿನದಷ್ಟೇ ಚುರುಕಾಗಿ ಮಿಣುಕುತ್ತಿತ್ತು.

ಸ್ಟೂಲು ಎಳೆದ ಸದ್ದಿಗೆ ಮೇಸ್ತ್ರಿ ಓಡಿಬಂದ.

"ನಿಮ್ಮ ಸೊಂಟ, ಯಜಮಾನ್ರೇ. ಇಳೀರಿ, ನಾನು ಒರೆಸ್ತೀನಿ."

"ಹಿಡ್ಕೊ, ಸಾಕು."

ಮೇಸ್ತ್ರಿ ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡ.

ಯಜಮಾನ ಡಬ್ಬಿಯ ಮುಚ್ಚಳ ತಿರುಗಿಸಿದ. ಎರಡು ಸೆಲ್ಲುಗಳನ್ನು ಅಲುಗದಂತೆ, ಮೋಟಾರಿನ ಸುರುಳಿಗೆ ಬಿಗಿಯುವ ಬಿಳಿ ಪಟ್ಟಿಯಲ್ಲಿ ಚೊಕ್ಕವಾಗಿ ಸುತ್ತಲಾಗಿತ್ತು. ಅದರ ಕೆಳಗೆ ಮಡಿಸಿದ ಚೀಟಿ. ಓರೆ ಅಕ್ಷರದ ಮೂರು ತಾರೀಖು. ದೇವರೇ, ಇವನಿಗೆ ಈ ಗುಟ್ಟು ಕಳವಾದ ಮೇಲೆಯೇ ತಿಳಿದಿರಲಿ, ನನ್ನ ಮಾನ ಕಾಯಲೆಂದು ಸುಮ್ಮನಿದ್ದಿರಲಿ ಎಂದುಕೊಳ್ಳುತ್ತ ಅವನು ಚೀಟಿಯನ್ನು ಬೆಳಕಿಗೆ ಹಿಡಿದ.

ಮೊದಲನೆಯದು, ತಂತಿ ಕಳೆದ ದಿನಕ್ಕಿಂತ ಹದಿನೆಂಟು ದಿನ ಹಿಂದಿನದು.