ಬಿಟ್ಟುಹೋದ ಹದಿನಾರು ಪುಟ

"ಕೀಲಿ ಬಿಚ್ಚಿ ಮೇಜಿನ ಮೇಲಿಡು," ಎಂದಳು ಅಧ್ಯಕ್ಷೆ. ಅವಳಿಗೆ ಹದಿಮೂರು ವರ್ಷ. ಎದುರಿಗೆ ನಿಂತಿದ್ದ ಸೋಡಾಬುಡ್ಡಿ ಕೂಟದ ಸದಸ್ಯೆಯೆಂಬ ಗುರುತಾಗಿ ತನ್ನ ಕೊರಳಲ್ಲಿ ತೂಗುತ್ತಿದ್ದ ರಟ್ಟಿನ ಕೀಲಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ದಪ್ಪ ಕನ್ನಡಕದ ಆ ಹುಡುಗಿಗೆ ಹಾಗೆ ಹೆಸರಿಟ್ಟವರೂ ಮೇಜಿನ ಸುತ್ತ ಕೂತ ಈ ಎಂಟು ಹುಡುಗಿಯರೇ, ತಮ್ಮ ಕೂಟಕ್ಕೆ ಸೇರಿಸಿಕೊಂಡವರೂ ಇವರೇ.

ರಿಪೇರಿಯಾದ ಪುಸ್ತಕಗಳ ಕಟ್ಟು ಎತ್ತಿಕೊಂಡು ಗ್ರಂಥಾಲಯದ ಮಕ್ಕಳ ಕೋಣೆಗೆ ಬಂದಿದ್ದ ಬೈಂಡಿಂಗ್ ಅಜ್ಜಿ ಬಾಗಿಲಲ್ಲೇ ನಿಂತಳು. ಮೇಜಿನ ನಡುವೆ ಇದ್ದದ್ದು ಮೂರು ವರ್ಷದ ಹಿಂದೆ ಅವಳೇ ಕೆಂಪು ಕ್ಯಾಲಿಕೋ ಬಟ್ಟೆ ಹಾಕಿ ಕಟ್ಟಿಕೊಟ್ಟ ದಪ್ಪ ಪುಸ್ತಕ. ಗಾಳಿಯನ್ನು ಪಳಗಿಸುವುದು ಕಲಿಸುವ ಶಾಲೆಯೊಂದರ ಕಥೆ. ಆ ಶಾಲೆಯಲ್ಲಿ ಒಂಬತ್ತೇ ವಿದ್ಯಾರ್ಥಿಗಳಿಗೆ ಜಾಗವಿರುವ ಗುಟ್ಟಿನ ಕೂಟವೊಂದಿತ್ತು. ಅದನ್ನು ಓದಿ ಈ ಒಂಬತ್ತು ಹುಡುಗಿಯರೂ ತಮ್ಮದೇ ಒಂದು ಕೂಟ ಕಟ್ಟಿಕೊಂಡಿದ್ದರು. ಪುಸ್ತಕ ಮತ್ತೆ ಅಚ್ಚಾಗಿರಲಿಲ್ಲ. ಎಲ್ಲರೂ ಓದಿದ್ದು ಇದೊಂದೇ ಪ್ರತಿಯನ್ನು.

ಜಗಳ ಹುಟ್ಟಿದ್ದು ಕಥೆಯೊಳಗಿನ ಹೊಗೆಮರಿ ಎಂಬ ಹುಡುಗಿಯಿಂದ. ಅವಳು ಶಾಲೆಯ ಒಲೆ ಉರಿಸುವವನ ಮಗಳು, ಆ ಕೂಟದ ಒಂಬತ್ತನೆಯವಳು. ಒಂದು ಅಧ್ಯಾಯದ ಕೊನೆಯಲ್ಲಿ ಕೂಟದ ಬಾಗಿಲು ತಟ್ಟುತ್ತಾಳೆ. ಮುಂದಿನ ಅಧ್ಯಾಯಕ್ಕೆ ಅವಳ ಕುರ್ಚಿ ಖಾಲಿ. ಉಳಿದ ಎಂಟು ಜನ ಕೊನೆಯ ಪುಟದವರೆಗೂ ಅವಳ ಹೆಸರೆತ್ತುವುದಿಲ್ಲ.

"ಗುಟ್ಟು ಮಾರ್ಕೊಂಡ್ಳು, ಉಳಿದೋರು ಓಡಿಸಿದ್ರು. ಇನ್ನೇನಿರತ್ತೆ?" ಎಂದಳು ಅಧ್ಯಕ್ಷೆ. "ನಾವು ಎಂಟು ಜನ ಒಪ್ಪಿದೀವಿ."

"ಅವಳು ಅಂಥೋಳಲ್ಲ ಕಣೇ," ಎಂದಳು ಸೋಡಾಬುಡ್ಡಿ.

"ಎಲ್ಲಿ ಬರೆದಿದೆ? ತೋರ್ಸು."

"ಬರೆದಿಲ್ಲ. ಆದ್ರೂ ಅಲ್ಲ."

"ಪುಸ್ತಕದಲ್ಲಿ ಇಲ್ದೇ ಇರೋದನ್ನ ನಂಬೋರಿಗೆ ಇಲ್ಲಿ ಜಾಗ ಇಲ್ಲ. ಹೊಗೆಮರಿ ಏನು ನಿಮ್ಮ ದೊಡ್ಡಮ್ಮನ ಮಗಳಾ?"

ಎಲ್ಲರೂ ಕಿಸಕ್ಕೆಂದರು. ಸೋಡಾಬುಡ್ಡಿ ಕೀಲಿ ಬಿಚ್ಚಿಟ್ಟಳು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದಳು. ಕಣ್ಣು ತುಂಬಿಕೊಂಡೇ ಬಾಗಿಲು ದಾಟುವಾಗ, ಅಜ್ಜಿಯ ಕಟ್ಟಿನಿಂದ ಜಾರುತ್ತಿದ್ದ ಪುಸ್ತಕವೊಂದನ್ನು ಒಳಕ್ಕೆ ಸರಿಸಿ ಹೋದಳು.

ಅಜ್ಜಿಯ ಮುಖ ಬಿಸಿಯಾಗಿತ್ತು. ಎಲ್ಲಿ ಬರೆದಿರಬಹುದು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅಂದು ಹೊಲಿದು, ಹರಿದ ಅಂಚುಗಳನ್ನು ಕತ್ತರಿಸಿ, ರಟ್ಟು ಅಂಟಿಸಿದ ಮೇಲೆ ಪ್ರೆಸ್ಸಿನ ಹಲಗೆಯ ಕೆಳಗೆ ಹೊಲಿಗೆಗೆ ಸೇರದೆ ಉಳಿದ, ಹದಿನಾರು ಪುಟಗಳ ಒಂದು ಮಡಿಕೆ ಕಣ್ಣಿಗೆ ಬಿದ್ದಿತ್ತು. ಪುಟಸಂಖ್ಯೆಗಳು ಅಂಚಿನ ಜೊತೆಗೇ ಹೋಗಿದ್ದವು, ಯಾರಿಗೂ ತಿಳಿಯುವಂತಿರಲಿಲ್ಲ. ಬಿಚ್ಚಿ ಮತ್ತೆ ಕಟ್ಟಬೇಕೆಂದರೆ ಇಡೀ ದಿನದ ಕೆಲಸ. ಮಕ್ಕಳ ಪುಸ್ತಕ, ಅಷ್ಟೆಲ್ಲ ಕಣ್ಣಿಟ್ಟು ಯಾರು ಓದುತ್ತಾರೆ ಎಂದುಕೊಂಡು ಅದನ್ನು ಸೂಜಿದಾರದ ಡ್ರಾಯರಿನಲ್ಲಿ ಹಾಕಿದ್ದಳು.

ಈಗ ಬೈಂಡಿಂಗ್ ಕೋಣೆಗೆ ಮರಳಿ ಅದನ್ನು ತೆಗೆದು, ಕೆಲಸದ ಮೇಜಿಗೆ ಒರಗಿ ನಿಂತು, ಮೊದಲ ಬಾರಿಗೆ ಓದಿದಳು. ಹೊಗೆಮರಿ ಏನನ್ನೂ ಮಾರಿಕೊಂಡಿರಲಿಲ್ಲ. ಕೂಟದ ಅತಿ ಚಿಕ್ಕವನು ಮಾಡಿದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಶಾಲೆ ಬಿಟ್ಟಿದ್ದಳು. ತನ್ನ ಮಾತೆತ್ತಿದರೆ ಅವನು ಸಿಕ್ಕಿಬೀಳುತ್ತಾನೆ, ಆದ್ದರಿಂದ ಎಂದೂ ಹೆಸರೆತ್ತಬೇಡಿ ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಳು.

ಮುಂದಿನ ಶನಿವಾರ, ದೊಡ್ಡವರ ಕೋಣೆಯಲ್ಲಿ ಒಬ್ಬಳೇ ಕೂತಿದ್ದ ಸೋಡಾಬುಡ್ಡಿಯನ್ನು ಅಜ್ಜಿ ಕೈಹಿಡಿದು ಕರೆತಂದಳು. "ನೀನೇ ಓದು ಮಗೂ, ಎಲ್ರಿಗೂ ಕೇಳಿಸೋ ಹಾಗೆ," ಎಂದು ಆ ಮಡಿಕೆಯನ್ನು ಅವಳ ಕೈಗಿಟ್ಟಳು.

"ಅಯ್ಯೋ, ಇದು ಎಲ್ಲಿತ್ತು ಅಜ್ಜಿ?" ಎಂದಳು ಅಧ್ಯಕ್ಷೆ.

ನಿಜ ಹೇಳಿಬಿಡಬೇಕೆಂದು ಅಜ್ಜಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂಬತ್ತು ಮುಖಗಳು ತನ್ನತ್ತ ತಿರುಗಿದ್ದೇ ತಡ, ನಾಲಿಗೆ ಬೇರೆ ಕಡೆ ಹೊರಳಿತು. "ನಿನ್ನೆ ಸಿಕ್ತು ಕಣ್ರಮ್ಮಾ. ಮೇಜಿನ ಹಿಂದೆ ಬಿದ್ದಿತ್ತು. ನಂಗೆ ಗೊತ್ತೇ ಇರ್ಲಿಲ್ಲ."

ಸೋಡಾಬುಡ್ಡಿ ತನ್ನ ಹಳೆಯ ಕುರ್ಚಿಯನ್ನು ಅಜ್ಜಿಗೆ ಎಳೆದುಕೊಟ್ಟು, ಪಕ್ಕದಲ್ಲಿ ನಿಂತೇ ಓದಿದಳು. ಓದು ಮುಗಿಯುವ ಹೊತ್ತಿಗೆ ಅಧ್ಯಕ್ಷೆಯ ಕಿವಿಗಳು ಕೆಂಪಾಗಿದ್ದವು. ಎದ್ದು ಬಂದು, ಕೀಲಿಯನ್ನು ತಾನೇ ಸೋಡಾಬುಡ್ಡಿಯ ಕೊರಳಿಗೆ ಹಾಕಿ, "ಸಾರಿ ಕಣೇ" ಎಂದಳು, ಅರ್ಧ ಮಾತು ನುಂಗಿಕೊಂಡು. ಆಮೇಲೆ ಒಂದೇ ಗಲಾಟೆ.

ಆ ಗಲಾಟೆಯಲ್ಲಿ ಸೋಡಾಬುಡ್ಡಿ ಮಾತ್ರ ಕೊನೆಯ ಪುಟವನ್ನೇ ನೋಡುತ್ತಿದ್ದಳು. ಅಜ್ಜಿಯೂ ಬಗ್ಗಿ ನೋಡಿದಳು. ಅಂಚಿನಲ್ಲಿ ಪೆನ್ಸಿಲಿನ ದುಂಡು ಅಕ್ಷರ: 'ಕಟ್ಟುವಾಗ ಬಿಟ್ಟದ್ದು. ಮುಂದೆ ಸೇರಿಸುವುದು.' ಕೆಳಗೆ ಮೂರು ವರ್ಷ ಹಿಂದಿನ ತಾರೀಖು. ತಾನೇ ಬರೆದು ತಾನೇ ಮರೆತಿದ್ದಳು; ಕಥೆಯಲ್ಲಿ ಮುಳುಗಿ ಓದುವಾಗಲೂ ಅತ್ತ ಕಣ್ಣು ಹೋಗಿರಲಿಲ್ಲ.

ದಪ್ಪ ಗಾಜಿನ ಹಿಂದಿನ ಕಣ್ಣು ಒಮ್ಮೆ ಮೇಲೆದ್ದು ಅಜ್ಜಿಯ ಮುಖ ನೋಡಿತು. ಆಮೇಲೆ ಹುಡುಗಿ ಚೀಲದಿಂದ ರಬ್ಬರು ತೆಗೆದು ಆ ಅಂಚನ್ನು ಮೆಲ್ಲಗೆ ಉಜ್ಜತೊಡಗಿದಳು.

"ಏನೇ ಅದು, ಏನು ಒರೆಸ್ತಿದೀಯಾ?" ಅಧ್ಯಕ್ಷೆ ಕತ್ತು ಚಾಚಿದಳು.

"ಏನಿಲ್ಲ, ಧೂಳು. ಮೇಜಿನ ಹಿಂದೆ ಬಿದ್ದಿತ್ತಲ್ಲ."

ಅವಳು ಉಫ್ ಎಂದು ಊದಿದಳು. ರಬ್ಬರಿನ ಕರಿ ಪುಡಿ ಅಜ್ಜಿಯ ಮಡಿಲಿಗೆ ಬಿತ್ತು. ಕೊಡವಿಕೊಳ್ಳಲು ಅವಳ ಕೈ ಏಳಲಿಲ್ಲ.